ಪೋಸ್ಟಕ್ಕ ನಿವೃತ್ತಿಯಾದರೆ ಪೋಸ್ಟ್ ಎಲ್ಲಿಗೆ?

2025 ನವೆಂಬರ್ 12, ಬುಧವಾರ

ನಮ್ಮೂರಿನ ಪೋಸ್ಟ್ ಆಫೀಸ್ ನಡೆಸುವ ಪೋಸ್ಟಕ್ಕನಿಗೆ ಜನವರಿಯಲ್ಲಿ ಅರವತ್ತೈದು ತುಂಬುತ್ತದೆ, ನಿವೃತ್ತಿ. ಇವತ್ತು ಗೊತ್ತಾಯಿತು. ಸುದ್ದಿ ಅಷ್ಟೇ. ಆದರೆ ಸಂಜೆಯಿಂದ ಅದೇ ತಲೆ ಕೊರೆಯುತ್ತಿದೆ.

ಮಗಳ ಸುಕನ್ಯಾ ಖಾತೆಗೆ ದುಡ್ಡು ಕಟ್ಟಲು ಹೋಗಿದ್ದೆ. ನನಗಿಂತ ಮುಂಚೆ ಕೆಳಮನೆ ಅಜ್ಜಿ ಬಂದು ಜಗಲಿಯಲ್ಲಿ ಕೂತಿದ್ದರು. ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ ಖಾತೆಗೆ ಬಿದ್ದಿದೆ. ಆದರೆ ಯಂತ್ರ ಅಜ್ಜಿಯ ಬೆರಳನ್ನು ಒಪ್ಪುತ್ತಿಲ್ಲ. ಕೊಯ್ಲಿನ ಕಾಲ ಬೇರೆ. ಅಜ್ಜಿ ಈ ವಯಸ್ಸಲ್ಲೂ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಬೆರಳ ತುದಿಯೆಲ್ಲ ಕಪ್ಪು, ಮೇಲಿನ ಚರ್ಮ ಸವೆದು ಹೋಗಿದೆ.

"ಅಜ್ಜಿ, ಇನ್ನೊಂದು ಬೆರಳು ಇಡಿ."

"ಯಾವ್ದು ಇಟ್ರೂ ನಾನೇ ಅಲ್ವೇನೇ?"

"ನಂಗೆ ಗೊತ್ತು. ಇದಕ್ಕೆ ಗೊತ್ತಾಗಬೇಕಲ್ಲ."

ಪೋಸ್ಟಕ್ಕ ಒದ್ದೆ ಬಟ್ಟೆ ತಂದು ಬೆರಳು ಒರೆಸಿದರು. ಒಣಗಿಸಿದರು. ಬಲಗೈ ಮುಗಿದು ಎಡಗೈಗೆ ಬಂದರು. ಕೊನೆಗೆ ಉಂಗುರ ಬೆರಳು ಹಿಡಿಯಿತು. ನೋಟು ಎಣಿಸಿ ಕೊಟ್ಟರು, ಅಜ್ಜಿ ಮತ್ತೆ ಎಣಿಸಿದರು, ಅದರಲ್ಲೇ ಇನ್ನೂರು ಎತ್ತಿ ವಾಪಸ್ ಮುಂದಿಟ್ಟರು. "ಇದು ಮಾಣಿ ಆರ್‌ಡಿಗೆ." ಮಾಣಿ ಅಂದರೆ ಮೊಮ್ಮಗ. ಅವನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅಜ್ಜಿ ಅವನ ಹೆಸರಲ್ಲಿ ದುಡ್ಡು ಕಟ್ಟುತ್ತಿರುವುದು ಅವನಿಗೆ ಗೊತ್ತೇ ಇಲ್ಲ. ಊರಿಗೆಲ್ಲ ಗೊತ್ತು.

ಪಾಸ್‌ಬುಕ್ಕಿನಲ್ಲಿ ಬರೆಯುತ್ತಾ ಪೋಸ್ಟಕ್ಕ ಸುಮ್ನೆ ಹೇಳಿದ ಹಾಗೆ ಹೇಳಿದರು. "ಸಂಕ್ರಾಂತಿ ಕಳೆದ ಮೇಲೆ ನಾನಿರಲ್ಲ ಅಜ್ಜಿ."

"ಎಲ್ಲಿಗೆ ಹೋಗ್ತೀ? ಮಗನ ಮನೆಗಾ?"

"ನಾನೆಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ. ಪೋಸ್ಟ್ ಇರಲ್ಲ."

ಅಜ್ಜಿಗೆ ಅರ್ಥವಾಗಲಿಲ್ಲ. ನನಗೂ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಪೋಸ್ಟ್ ಆಫೀಸ್ ಇರುವುದು ಪೋಸ್ಟಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಮೇಜು, ಕಬ್ಬಿಣದ ಪೆಟ್ಟಿಗೆ, ಗೋಡೆಗೆ ಕೆಂಪು ಬೋರ್ಡು. ಶಾಖಾ ಅಂಚೆ ಕಚೇರಿ ಅಂದರೆ ಹೆಚ್ಚಿನ ಕಡೆ ಹೀಗೇ. ಅವರು ಇಲಾಖೆಯ ಪೂರ್ಣಾವಧಿ ನೌಕರರಲ್ಲ, ಗ್ರಾಮೀಣ ಡಾಕ್ ಸೇವಕರು. ನಾಲ್ಕೋ ಐದೋ ಗಂಟೆ ಕೆಲಸ ಅಂತ ಲೆಕ್ಕ. ಕಚೇರಿಗೆ ಜಾಗ ಹೊಂದಿಸುವುದೂ ಅವರದೇ ಹೊಣೆ. 2018ರಲ್ಲಿ ಭತ್ಯೆ ಏರಿಸಿದಾಗ ನಾಲ್ಕು ಗಂಟೆಯ ಪೋಸ್ಟ್ ಮಾಸ್ಟರ್‌ಗೆ ಮೂಲ 12,000 ರೂಪಾಯಿ ಆಯಿತು. ನಾಲ್ಕು ಗಂಟೆಯಂತೆ! ಇವರು ರಾತ್ರಿ ಊಟದ ಹೊತ್ತಿಗೂ ಬಾಗಿಲು ತೆಗೆದದ್ದನ್ನು ನಾನೇ ನೋಡಿದ್ದೇನೆ.

ಹೊಸಬರನ್ನು ತೆಗೆದುಕೊಳ್ಳುವುದು ಹತ್ತನೇ ಕ್ಲಾಸಿನ ಅಂಕ ನೋಡಿ. ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಶಿಫಾರಸು ನಡೆಯುವುದಿಲ್ಲ, ಅದು ಒಳ್ಳೆಯದೇ. ಕನ್ನಡ ಓದಿರಬೇಕು ಅನ್ನುವ ನಿಯಮ ಇರುವುದರಿಂದ ಭಾಷೆಯ ಚಿಂತೆಯೂ ಇಲ್ಲ. ರಾಯಚೂರಿಂದಲೋ ಚಾಮರಾಜನಗರದಿಂದಲೋ ತೊಂಬತ್ತೆಂಟು ಪರ್ಸೆಂಟಿನ ಹುಡುಗಿಯೊಬ್ಬಳು ಬರಬಹುದು. ಬರಲಿ. ಆದರೆ ಅವಳು ಇದೇ ಊರಲ್ಲಿ ವಾಸ ಮಾಡಬೇಕು, ಕಚೇರಿಗೂ ಇಲ್ಲೇ ಜಾಗ ಹುಡುಕಬೇಕು. ನಮ್ಮೂರಲ್ಲಿ ಬಾಡಿಗೆ ಮನೆ ಅಂತ ಯಾವುದಿದೆ ಹೇಳಿ? ಶಾಲೆ ಹಿಂದಿನ ಹಳೇ ಕ್ವಾರ್ಟರ್ಸ್ ಬಿಟ್ಟರೆ ಇಲ್ಲ, ಅದರ ಹೆಂಚು ಈ ಮಳೆಗಾಲದಲ್ಲಿ ಕೂತು ಹೋಗಿದೆ.

ರಾತ್ರಿ ನಮ್ಮ ಯಜಮಾನರ ಹತ್ತಿರ ಹೇಳಿದೆ. ಮೊಬೈಲಿಂದ ತಲೆ ಎತ್ತದೆ, "ಈಗ ಯಾರು ಕಾಗದ ಬರೀತಾರೆ?" ಅಂದರು.

ಇದೇ ಮಾತು ಎಲ್ಲರದ್ದೂ. ಪೋಸ್ಟ್ ಅಂದರೆ ಕಾಗದ. ಕಾಗದ ಹೋಯಿತು, ಆದ್ದರಿಂದ ಪೋಸ್ಟೂ ಹೋಗಬಹುದು. ಟೆಲಿಗ್ರಾಂ 2013ರಲ್ಲಿ ನಿಂತಿತು, ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಸರಿ. ಆದರೆ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 1882ರಿಂದ ಇದೆ, ಅದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ? ದೇಶದಲ್ಲಿ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳು, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಯಲ್ಲೇ. 2018ರ ಸೆಪ್ಟೆಂಬರ್ 1ರಂದು ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕನ್ನೂ ಇವುಗಳ ಮೇಲೆಯೇ ಕಟ್ಟಿದರು. ನಿಮ್ಮ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೂ ಪರವಾಗಿಲ್ಲ, ಆಧಾರ್ ಜೋಡಿಸಿದ್ದರೆ ಪೋಸ್ಟಕ್ಕನ ಯಂತ್ರಕ್ಕೆ ಬೆರಳು ಕೊಟ್ಟು ದುಡ್ಡು ತೆಗೆಯಬಹುದು. ಗೃಹಲಕ್ಷ್ಮಿ ದುಡ್ಡು ಬಂದಾಗ ಪೇಟೆಗೆ ಹೋಗಿ ಬರುವ ಒಂದು ದಿನದ ಕೂಲಿ ಉಳಿಯುತ್ತದೆ ಅಂತ ಮೇಲಿನಕೇರಿ ಹೆಂಗಸರು ಬಾಯಿಬಿಟ್ಟು ಹೇಳುತ್ತಾರೆ.

2024ರ ಮೇ ಕೊನೆಯಲ್ಲಿ ಬೆಂಗಳೂರಿನ ದೊಡ್ಡ ಪೋಸ್ಟ್ ಆಫೀಸ್ ಜಿಪಿಒ ಮುಂದೆ ಹೆಂಗಸರು ಸಾಲು ನಿಂತಿದ್ದು ನೆನಪಿದೆಯಾ? ಪೋಸ್ಟಿನಲ್ಲಿ ಖಾತೆ ತೆರೆದರೆ ತಿಂಗಳಿಗೆ ಎಂಟೂವರೆ ಸಾವಿರ ಬೀಳುತ್ತದೆ ಅಂತ ಗಾಳಿಸುದ್ದಿ. ಟಿವಿಯಲ್ಲಿ ನೋಡಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದೊಡ್ಡ ನಗರದಲ್ಲಿ, ಬೀದಿಗೊಂದು ಬ್ಯಾಂಕ್ ಇರುವ ಕಡೆ, ದುಡ್ಡು ಬರುವುದಾದರೆ ಪೋಸ್ಟಿಗೇ ಬರುತ್ತದೆ ಅಂತ ಅಷ್ಟು ಜನ ನಂಬಿದರಲ್ಲ.

ಇವರು ಒಪ್ಪಲಿಲ್ಲ. "ಸಾಲ ಕೊಡಲ್ಲ, ಅದೆಂಥ ಬ್ಯಾಂಕು?" ನಿಜವೇ. ಪೇಮೆಂಟ್ಸ್ ಬ್ಯಾಂಕಿಗೆ ಸಾಲ ಕೊಡುವ ಅಧಿಕಾರ ಇಲ್ಲ. ಒಬ್ಬರ ಖಾತೆಯಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಇಡುವ ಹಾಗೂ ಇಲ್ಲ. ತೋಟದ ಸಾಲಕ್ಕೆ ಸೊಸೈಟಿಗೇ ಹೋಗಬೇಕು. ಕೆಳಮನೆ ಅಜ್ಜಿಗೆ ಸಾಲ ಬೇಡ ಮಾರಾಯರೇ, ತನ್ನ ದುಡ್ಡು ತನ್ನ ಕೈಗೆ ಬಂದರೆ ಸಾಕು. ಅದೂ ಮಗನ ಫೋನಿನೊಳಗೆ ಅಲ್ಲ, ತನ್ನ ಕೈಗೆ. ಇದನ್ನು ಹೇಳಿದಾಗ ಮಾತ್ರ ಇವರು ಮೊಬೈಲ್ ಕೆಳಗಿಟ್ಟರು.

ನಮ್ಮ ಕಡೆಯ ಬ್ಯಾಂಕುಗಳಿಗೆ ಇದು ಗೊತ್ತಿತ್ತು. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಶುರು ಮಾಡಿದ್ದರು. ಏಜೆಂಟರು ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಈಗ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್‌ನೊಳಗೆ, ವಿಜಯಾ ಬರೋಡಾದೊಳಗೆ, ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ. 2017ರಿಂದ 2020ರ ನಡುವೆ ನಾಲ್ಕೂ ಹೆಸರು ಹೋದವು. ಅಪ್ಪನ ಪೆಟ್ಟಿಗೆಯಲ್ಲಿ ಇನ್ನೂ ವಿಜಯಾ ಬ್ಯಾಂಕಿನ ಪಾಸ್‌ಬುಕ್ ಇದೆ, ಎಸೆಯಲು ಬಿಡುವುದಿಲ್ಲ.

ಕರೆಂಟ್ ಹೋಗಿ ಬಂತು. ಎಲ್ಲಿದ್ದೆ?

ಪೋಸ್ಟನ್ನು ಹೊಗಳಿ ಅಟ್ಟಕ್ಕೇರಿಸುವ ಆಸೆಯೂ ನನಗಿಲ್ಲ. ನೆಟ್‌ವರ್ಕ್ ಇಲ್ಲದ ದಿನ ಎಲ್ಲವೂ ನಿಂತಿತು. ಇಬ್ಬರು ಒಟ್ಟಿಗೆ ದೊಡ್ಡ ಮೊತ್ತ ಕೇಳಿದರೆ ಪೆಟ್ಟಿಗೆಯಲ್ಲಿ ಇರುವುದಿಲ್ಲ, ನಾಳೆ ಚೀಲದಲ್ಲಿ ಕ್ಯಾಷ್ ಬರಬೇಕು. ಅದನ್ನೆಲ್ಲ ಜನ ಸಹಿಸುವುದು ಕೌಂಟರಿನ ಆಚೆ ಪೋಸ್ಟಕ್ಕ ಕೂತಿದ್ದಾರೆ ಅಂತ. ಇವತ್ತೇ ನೋಡಿ, ನಾನು ಹೊರಡುವಾಗ ರೈಲ್ವೆ ಪಿಂಚಣಿಯ ಭಟ್ಟರು ಬಂದರು. ನವೆಂಬರ್ ಅಲ್ವಾ, ಪಿಂಚಣಿಯವರು ಜೀವಂತ ಇದ್ದೇನೆ ಅಂತ ಪ್ರಮಾಣಪತ್ರ ಕೊಡುವ ತಿಂಗಳು. ಎಪ್ಪತ್ತು ರೂಪಾಯಿ ಶುಲ್ಕ. "ಎಪ್ಪತ್ತು ಕೊಟ್ಟು ಬದುಕಿದ್ದೀನಿ ಅನ್ನಬೇಕಲ್ಲೇ" ಅಂತ ಗೊಣಗಿದರು. ಮುಂದಿನ ಸಲ ಮಂಡಿನೋವು ಜಾಸ್ತಿ ಆದರೆ ಮನೆಗೇ ಬಂದು ಮಾಡಿಕೊಡ್ತೀನಿ ಅಂತ ಪೋಸ್ಟಕ್ಕ ಹೇಳಿದರು. ಹೇಳಿ ಒಂದು ಕ್ಷಣ ತಡೆದು, "ಯಾರಾದ್ರೂ ಬರ್ತಾರೆ" ಅಂದರು.

ಹೊಸದಾಗಿ ಬರುವ ಆ ಹುಡುಗಿಗೆ ಜಾಗ ಸಿಗದಿದ್ದರೆ ನಮ್ಮ ಲೆಕ್ಕ ಪಕ್ಕದೂರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಅಜ್ಜಿ ಅಲ್ಲಿಗೆ ಹೋದ ಹಾಗೇ.

ನಮ್ಮ ಮನೆಯ ಹೊರಗಿನ ಕೋಣೆ ಖಾಲಿ ಇದೆ. ಖಾಲಿ ಅಂದರೆ ಗೋಣಿಚೀಲ, ಔಷಧಿ ಹೊಡೆಯುವ ಪಂಪು, ಇವರ ಮುರಿದ ಸ್ಕೂಟರಿನ ಸೀಟು. ರಸ್ತೆಗೆ ಬಾಗಿಲಿದೆ. ಸಿಗ್ನಲ್ ಮಾತ್ರ ಕಿಟಕಿ ಹತ್ತಿರ ಒಂದೋ ಎರಡೋ ಕಡ್ಡಿ. ಪೋಸ್ಟಕ್ಕನ ಹತ್ತಿರ ನಾಳೆ ಕೇಳಬೇಕು, ಬೇರೆಯವರ ಮನೆಯ ಕೋಣೆ ಆಗುತ್ತದಾ, ಬಾಡಿಗೆ ಪತ್ರ ಏನಾದರೂ ಬೇಕಾ ಅಂತ. ಇವರಿಗೆ ಇನ್ನೂ ಹೇಳಿಲ್ಲ. ಅದಕ್ಕಿಂತ ಮೊದಲು ಅತ್ತೆಗೆ ಹೇಳಬೇಕು, ಯಾಕೆಂದರೆ ಕೋಣೆಯ ಬೀಗದ ಕೈ ಇರುವುದು ಅವರ ಹತ್ತಿರ.