ಅರವತ್ತರ ದಶಕದ ಬ್ರಿಟನ್ ನೋಡ್ಬೇಕು ಅನ್ನೋರಿಗೆ: ಹಳೇ ಅಂಗಡಿ, ಹಳೇ ಡ್ಯಾನ್ಸ್ ಹಾಲ್, ನಮ್ಮ ಪ್ರವಾಸದ ಅನುಭವ

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಊರಲ್ಲಿರೋ ಹಳೇ ಡ್ಯಾನ್ಸ್ ಹಾಲ್, ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮ್‌ಗೆ ಹೋಗೋ ಪ್ಲಾನ್ ಇದ್ರೆ ಮಧ್ಯಾಹ್ನದ ಹೊತ್ತು ಹೋಗಿ, ಶನಿವಾರ ಭಾನುವಾರ ಬಿಟ್ಟು ಬೇರೆ ದಿನ ಆದ್ರೆ ಇನ್ನೂ ಒಳ್ಳೇದು. ಆ ಹೊತ್ತಲ್ಲಿ ಅಲ್ಲಿ ಕುಣಿಯೋಕೆ ಬರೋರು ಬಹಳಷ್ಟು ಜನ ವಯಸ್ಸಾದೋರು, ಎಪ್ಪತ್ತು ಎಂಬತ್ತು ದಾಟಿದ ಗಂಡ ಹೆಂಡ್ತಿ ಜೋಡಿಗಳು, ನಾವು ಮಾತಾಡಿಸಿದವರಲ್ಲಿ ಕೆಲವ್ರು ಮದುವೆಗೆ ಮುಂಚೆ ಇದೇ ಫ್ಲೋರ್ ಮೇಲೆ ಭೇಟಿ ಆದೋರು. ಟಿಕೆಟ್ ತಗೊಂಡು ಟೀ ಹೇಳಿ ಪಕ್ಕದ ಟೇಬಲ್‌ನಲ್ಲಿ ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು, ಯಾರೂ ಎದ್ದೇಳಿ ಅನ್ನಲ್ಲ.

ನಾನು ಹೋಗಿದ್ದು ನಮ್ಮ ದೊಡ್ಡಪ್ಪನ ಜೊತೆ. ಅವ್ರು ಅರವತ್ತರ ದಶಕದಲ್ಲಿ ಡಾಕ್ಟರಾಗಿ ಮೈಸೂರಿಂದ ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೋರು, ಆಗ ನಮ್ಮ ದೇಶದಿಂದ ಬಂದ ಡಾಕ್ಟರುಗಳು ಇಲ್ದೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನಡೀತಾನೇ ಇರ್ಲಿಲ್ಲ. ನಿಮ್ಮ ಮನೇಲೂ ಆ ಕಾಲ ಕಂಡೋರು ಇದ್ರೆ, ಅವ್ರಿಗೆ ಓಡಾಡೋ ಶಕ್ತಿ ಇರೋವಾಗ್ಲೇ ಕರ್ಕೊಂಡು ಹೋಗಿ ಅಂತ ನಾನು ಕೈಮುಗಿದು ಕೇಳ್ತೀನಿ.

ಬಾಲ್‌ರೂಮ್ ಬಗ್ಗೆ ಸ್ವಲ್ಪ ಹೇಳ್ಬೇಕು. 1899ರಲ್ಲಿ ಫ್ರ್ಯಾಂಕ್ ಮ್ಯಾಚಮ್ ಅನ್ನೋ ಆರ್ಕಿಟೆಕ್ಟ್ ವಿನ್ಯಾಸದಲ್ಲಿ ಕಟ್ಟಿದ್ದು, ಎರಡು ಅಂತಸ್ತಿನ ಬಾಲ್ಕನಿ, ಚಿತ್ರ ಬರೆದ ಚಾವಣಿ, ದೊಡ್ಡ ದೊಡ್ಡ ಶಾಂಡಲಿಯರ್, ಫ್ಲೋರ್‌ಗೆ ಮಹಾಗನಿ, ಓಕ್, ವಾಲ್‌ನಟ್ ಮರದ ಮೂವತ್ತು ಸಾವಿರಕ್ಕೂ ಹೆಚ್ಚು ಚಿಕ್ಕ ತುಂಡುಗಳನ್ನ ಜೋಡಿಸಿದ್ದಾರೆ. 1956ರಲ್ಲಿ ಬೆಂಕಿ ಬಿದ್ದು ಫ್ಲೋರ್ ಹಾಳಾಗಿ 1958ರಲ್ಲಿ ಮತ್ತೆ ಓಪನ್ ಆಯ್ತು, ಹಾಗಾಗಿ ಅರವತ್ತರ ದಶಕದಲ್ಲಿ ಕುಣಿದೋರು ಮೆಟ್ಟಿದ್ದು ಹೊಚ್ಚ ಹೊಸದಾಗಿ ರಿಪೇರಿ ಆದ ಫ್ಲೋರ್. ವುರ್ಲಿಟ್ಜರ್ ಕಂಪನಿಯ ದೊಡ್ಡ ಪೈಪ್ ಆರ್ಗನ್ ಒಂದಿದೆ, ಇಲ್ಲಿ ರೆಜಿನಾಲ್ಡ್ ಡಿಕ್ಸನ್ 1930ರಿಂದ 1970ರವರೆಗೆ ಆರ್ಗನ್ ನುಡಿಸ್ತಿದ್ರು, ಜನ ಅವರನ್ನ ಮಿಸ್ಟರ್ ಬ್ಲ್ಯಾಕ್‌ಪೂಲ್ ಅಂತಾನೇ ಕರೀತಿದ್ರು. ಈಗ್ಲೂ ಆ ಆರ್ಗನ್‌ಗೆ ಜನ ವಾಲ್ಟ್ಜ್, ಕ್ವಿಕ್‌ಸ್ಟೆಪ್ ಅನ್ನೋ ಜೋಡಿ ಡ್ಯಾನ್ಸ್‌ಗಳನ್ನ ಮಾಡ್ತಾರೆ. ನಾದ ಕಿವಿಗಿಂತ ಮೊದ್ಲು ಕುರ್ಚಿಯಿಂದ ಬೆನ್ನಿಗೆ ಬರುತ್ತೆ. ನಮಗೆ ಸ್ಟೆಪ್ಸ್ ಬರಲ್ವಲ್ಲ ಅಂತ ಸಂಕೋಚ ಬೇಡ, ವಾಲ್ಟ್ಜ್ ಶುರುವಾದಾಗ ಅಂಚಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿ, ಯಾರೋ ಒಬ್ಬ ಅಜ್ಜಿ ಬಂದು ಹೇಳಿಕೊಟ್ಟೇ ಕೊಡ್ತಾರೆ. ಹೆಜ್ಜೆ ಸರಾಗವಾಗಿ ಜಾರೋ ಹಾಗೆ ಚರ್ಮದ ಸೋಲ್ ಇರೋ ಶೂ ಹಾಕ್ಕೊಳ್ಳಿ, ರಬ್ಬರ್ ಸೋಲ್ ಹಿಡ್ಕೊಳ್ಳುತ್ತೆ.

ಲಂಡನ್ ಯೂಸ್ಟನ್‌ನಿಂದ ರೈಲು, ಸಾಮಾನ್ಯವಾಗಿ ಪ್ರೆಸ್ಟನ್‌ನಲ್ಲಿ ಬದಲಾಯಿಸ್ಬೇಕು, ಸುಮಾರು ಮೂರು ಗಂಟೆ. ಮ್ಯಾಂಚೆಸ್ಟರ್‌ನಿಂದ ಒಂದೂಕಾಲು ಗಂಟೆ. ಬ್ಲ್ಯಾಕ್‌ಪೂಲ್ ನಾರ್ತ್ ಸ್ಟೇಷನ್‌ನಿಂದ ನಡ್ಕೊಂಡೇ ಹೋಗಬಹುದು, ವಯಸ್ಸಾದೋರು ಇದ್ರೆ 2024ರಿಂದ ಸ್ಟೇಷನ್ ಹತ್ರದವರೆಗೂ ಟ್ರಾಮ್ ಬರ್ತಿದೆ. ಟಿಕೆಟ್ ಮಾಡೋ ಮುಂಚೆ ಬಾಲ್‌ರೂಮ್ ಆ ದಿನ ತೆಗೆದಿರುತ್ತಾ ನೋಡ್ಕೊಳ್ಳಿ, ಸ್ಪರ್ಧೆ, ಟಿವಿ ಶೂಟಿಂಗ್ ಇದ್ದಾಗ ನಮ್ಮಂಥೋರಿಗೆ ಪ್ರವೇಶ ಇರಲ್ಲ. ಮೇ ತಿಂಗಳ ಕೊನೆಗೆ ಊರಿನ ಇನ್ನೊಂದು ಹಾಲ್, ವಿಂಟರ್ ಗಾರ್ಡನ್ಸ್‌ನ ಎಂಪ್ರೆಸ್ ಬಾಲ್‌ರೂಮ್‌ನಲ್ಲಿ ದೊಡ್ಡ ಡ್ಯಾನ್ಸ್ ಫೆಸ್ಟಿವಲ್ ನಡೆಯುತ್ತೆ, ಆಗ ಹೋಟೆಲ್ ಸಿಗೋದು ಕಷ್ಟ.

ಅಂಗಡಿಗಳಿಗೆ ಬರೋಣ. ಇದಕ್ಕೆ ನನ್ನ ಸಲಹೆ ಡಡ್ಲಿ ಊರಿನ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂ (ಬ್ಲ್ಯಾಕ್ ಕಂಟ್ರಿ ಅಂದ್ರೆ ಹಿಂದೆ ಕಲ್ಲಿದ್ದಲು, ಕಬ್ಬಿಣದ ಕೆಲಸ ನಡೀತಿದ್ದ ಆ ಕಡೆಯ ಪ್ರದೇಶ). ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಟಿಪ್ಟನ್‌ಗೆ ರೈಲು, ಅಲ್ಲಿಂದ ಸುಮಾರು ಒಂದು ಮೈಲಿ. 1940ರಿಂದ 60ರ ದಶಕದ ಒಂದು ಇಡೀ ಹೈ ಸ್ಟ್ರೀಟ್, ಅಂದ್ರೆ ಊರಿನ ಮುಖ್ಯ ಅಂಗಡಿ ಬೀದಿ, ಕಟ್ಟಿದ್ದಾರೆ, ಮಾಂಸದ ಅಂಗಡಿ, ಪೇಪರ್ ಅಂಗಡಿ, ಹೇರ್‌ಡ್ರೆಸರ್, ಜೊತೆಗೆ ವೂಲ್ವರ್‌ಹ್ಯಾಂಪ್ಟನ್‌ನಲ್ಲಿದ್ದ ಒಂದು ಶಿಶು ಕಲ್ಯಾಣ ಕೇಂದ್ರದ ಮರುನಿರ್ಮಾಣ. ಅಲ್ಲಿ ಮಗು ತೂಗೋ ತಕ್ಕಡಿ ನೋಡಿ ದೊಡ್ಡಪ್ಪ ಅರ್ಧ ಗಂಟೆ ಅಲ್ಲಾಡ್ಲಿಲ್ಲ, ಅಲ್ಲಿದ್ದ ವಾಲಂಟಿಯರ್‌ಗೆ ಇವರೇ ಪಾಠ ಹೇಳೋಕೆ ಶುರು ಮಾಡಿದ್ರು.

ಆಗಿನ ಅಂಗಡಿ ಹೇಗಿತ್ತು ಅಂದ್ರೆ, ನೀವು ಕೌಂಟರ್ ಈಚೆ ನಿಂತು ಕೇಳ್ಬೇಕು, ಅಂಗಡಿಯೋರು ತೂಗಿ ಕಟ್ಟಿ ಕೊಡ್ಬೇಕು, ಚೀಸ್‌ನ ತಂತಿಯಲ್ಲಿ ಕೊಯ್ತಿದ್ರು, ಬಿಸ್ಕೆಟ್ ಡಬ್ಬದ ತಳದಲ್ಲಿ ಉಳಿದ ಚೂರುಗಳನ್ನ ಕಮ್ಮಿ ರೇಟಿಗೆ ಕೊಡ್ತಿದ್ರು. ಆಲಿವ್ ಎಣ್ಣೆ ಬೇಕಂದ್ರೆ ಔಷಧಿ ಅಂಗಡಿಗೇ ಹೋಗ್ಬೇಕಿತ್ತು, ಅದೂ ಕಿವಿಗೆ ಹಾಕೋ ಸಣ್ಣ ಶೀಶೆ. ದುಡ್ಡು ಅಂದ್ರೆ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್, ಇದು 1971ರ ಫೆಬ್ರವರಿ 15ರವರೆಗೂ ನಡೀತು. ಆಣೆ ಲೆಕ್ಕದಲ್ಲಿ ಬೆಳೆದ ದೊಡ್ಡಪ್ಪಂಗೆ ಅದೇನೂ ಕಷ್ಟ ಆಗ್ಲಿಲ್ವಂತೆ, ಕಷ್ಟ ಆಗಿದ್ದು ಭಾನುವಾರ. ಆ ದಿನ ಅಂಗಡಿ ಬಂದ್, ಇದ್ರ ಜೊತೆ ವಾರದ ಮಧ್ಯೆ ಒಂದು ದಿನ ಮಧ್ಯಾಹ್ನವೇ ಬಾಗಿಲು ಹಾಕ್ತಿದ್ರು. ನೈಟ್ ಡ್ಯೂಟಿ ಮುಗಿಸಿ ಬಂದ್ರೆ ಅಕ್ಕಿ ಇಲ್ಲ, ಹಾಲಿಲ್ಲ. 1964ರಲ್ಲಿ ಕಾನೂನು ಬದಲಾಗಿ, ತಯಾರಕರು ಹೇಳಿದ ಬೆಲೆಗೇ ಮಾರ್ಬೇಕು ಅನ್ನೋ ಪದ್ಧತಿ ಬಹುತೇಕ ಹೋಯ್ತು, ಸೂಪರ್‌ಮಾರ್ಕೆಟ್‌ಗಳು ಬೆಲೆ ಇಳಿಸಿದ್ವು, ಹೆಸರು ಹಿಡಿದು ಮಾತಾಡಿಸ್ತಿದ್ದ ಆ ಮೂಲೆ ಅಂಗಡಿಗಳು ಒಂದೊಂದಾಗಿ ಮುಚ್ಚಿದ್ವು. ಮ್ಯೂಸಿಯಂನ ಈ ಬೀದಿಯಲ್ಲಿ ಓಡಾಡುವಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು.

ಸಸ್ಯಾಹಾರಿಗಳು ಗಮನಿಸಿ, ಮ್ಯೂಸಿಯಂ ಒಳಗಿನ ಫಿಶ್ ಅಂಡ್ ಚಿಪ್ಸ್ (ಕರಿದ ಮೀನು, ಆಲೂಗಡ್ಡೆ) ಅಂಗಡೀಲಿ ಹಳೇ ಪದ್ಧತಿ ಹಾಗೆ ದನದ ಕೊಬ್ಬಲ್ಲಿ ಕರೀತಾರೆ, ಬರೀ ಆಲೂಗಡ್ಡೆ ತಾನೇ ಅಂತ ತಗೋಬೇಡಿ, ಕೇಳಿ ತಗೊಳ್ಳಿ. ಗಾಜಿನ ಜಾಡಿ ಮಿಠಾಯಿಗಳಲ್ಲೂ ಮೆತ್ತಗಿರೋವಲ್ಲಿ ಹಲವದ್ರಲ್ಲಿ ಜೆಲಟಿನ್, ಅಂದ್ರೆ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡಿದ ಅಂಟು, ಇರುತ್ತೆ. ಬೆಳಿಗ್ಗೆ ಪುಳಿಯೋಗರೆ ಕಟ್ಕೊಂಡು ಹೋಗೋದೇ ವಾಸಿ.

ಇನ್ನೊಂದು ವಿಷಯ, ಇದನ್ನ ಬಿಟ್ಟು ಆ ಕಾಲದ ನೆನಪು ಹೇಳೋದು ತಪ್ಪಾಗುತ್ತೆ. ಆ ಸುಂದರ ಹಾಲ್‌ಗಳು ಎಲ್ರಿಗೂ ತೆರೆದಿರ್ಲಿಲ್ಲ. 1958ರಲ್ಲಿ ವೂಲ್ವರ್‌ಹ್ಯಾಂಪ್ಟನ್‌ನ ಸ್ಕಾಲಾ ಬಾಲ್‌ರೂಮ್ ಬಿಳಿಯರಲ್ಲದೋರನ್ನ ಒಳಗೆ ಬಿಡ್ತಿರ್ಲಿಲ್ಲ, ಸಂಗೀತಗಾರರ ಸಂಘ ಮ್ಯೂಸಿಷಿಯನ್ಸ್ ಯೂನಿಯನ್ ಅದರ ವಿರುದ್ಧ ನಿಂತಿತು. ಸಾರ್ವಜನಿಕ ಜಾಗಗಳಲ್ಲಿ ಹೀಗೆ ಮಾಡೋದು ಕಾನೂನುಬಾಹಿರ ಅಂತ ಆಗಿದ್ದು 1965ರ ರೇಸ್ ರಿಲೇಷನ್ಸ್ ಆಕ್ಟ್‌ನಿಂದ. ದೊಡ್ಡಪ್ಪನ್ನೂ ಒಂದು ಹಾಲ್‌ನ ಬಾಗಿಲಲ್ಲಿ ತಡೆದಿದ್ರಂತೆ, ಜೊತೆಗಿದ್ದ ನರ್ಸುಗಳೆಲ್ಲ ಹಾಗಾದ್ರೆ ನಾವೂ ಬರಲ್ಲ ಅಂತ ವಾಪಸ್ ಬಂದು ಹಾಸ್ಟೆಲ್ ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ಇವ್ರಿಗೆ ಟ್ವಿಸ್ಟ್ ಕಲಿಸಿದ್ರಂತೆ. ಈ ಕಥೆ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ, ಡಡ್ಲಿಯಿಂದ ವಾಪಸ್ ಬರೋ ರೈಲಲ್ಲಿ ಹೇಳಿದ್ರು.

ಲಂಡನ್‌ನಲ್ಲಿ ಅರವತ್ತರ ದಶಕದ ಫ್ಯಾಷನ್‌ಗೆ ಹೆಸರಾಗಿದ್ದ ಕಾರ್ನಬಿ ಸ್ಟ್ರೀಟ್‌ಗೆ ಅರ್ಧ ಗಂಟೆ ಸಾಕು, ಈಗ ಅಲ್ಲಿ ಬಹುತೇಕ ಬ್ರ್ಯಾಂಡ್ ಶೋರೂಮ್‌ಗಳೇ. ಅಲ್ಲಿನ ಹೆಸರಾಂತ ಡ್ಯಾನ್ಸ್ ಹಾಲ್ ಹ್ಯಾಮರ್‌ಸ್ಮಿತ್ ಪ್ಯಾಲೆನ 2007ರಲ್ಲಿ ಮುಚ್ಚಿ ಆಮೇಲೆ ಕೆಡವಿದ್ರು, ಹುಡುಕ್ಕೊಂಡು ಹೋಗ್ಬೇಡಿ. ಬೀಟಲ್ಸ್ ತಂಡ ಹಾಡ್ತಿದ್ದ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ ಕೂಡ 1973ರಲ್ಲಿ ಮುಚ್ಚಿ 1984ರಲ್ಲಿ ಮತ್ತೆ ಕಟ್ಟಿದ್ದು, ಬೀಟಲ್ಸ್ ಇಷ್ಟ ಇದ್ರೆ ಹೋಗಿ. ಆದ್ರೆ ದಕ್ಷಿಣ ಲಂಡನ್ನಿನ ಕ್ರಾಫ್ಟನ್ ಪಾರ್ಕ್ ಸ್ಟೇಷನ್ ಎದುರಿಗಿರೋ ರಿವೋಲಿ ಬಾಲ್‌ರೂಮ್ ಮಾತ್ರ ಬಿಡ್ಬೇಡಿ, 1913ರ ಸಿನಿಮಾ ಮಂದಿರನ 1950ರ ದಶಕದ ಕೊನೇಲಿ ಡ್ಯಾನ್ಸ್ ಹಾಲ್ ಮಾಡಿದ್ದು, ಕೆಂಪು ವೆಲ್ವೆಟ್ ಗೋಡೆ, ಚೈನೀಸ್ ಲಾಟೀನು ಎಲ್ಲ ಹಾಗೇ ಇದೆ.

ರಿವೋಲಿ ದಿನಾ ತೆಗೆದಿರಲ್ಲ, ಕಾರ್ಯಕ್ರಮ ಇದ್ದ ದಿನ ಮಾತ್ರ. ಅದಕ್ಕೆ ಮೊದ್ಲು ರಿವೋಲಿಯ ತಾರೀಕು ಹಿಡ್ಕೊಳ್ಳಿ, ಅದ್ರ ಹಿಂದೆ ಮುಂದೆ ಬ್ಲ್ಯಾಕ್‌ಪೂಲ್, ಡಡ್ಲಿ ಹೊಂದಿಸಿ, ಆಮೇಲೆ ಫ್ಲೈಟ್ ಬುಕ್ ಮಾಡಿ. ಇಬ್ಬರೇ ಒಟ್ಟಿಗೆ ಓಡಾಡೋದಾದ್ರೆ ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದ್ಮೇಲೆ ಹೊರಡೋ ರೈಲು ಹಿಡೀಬೇಕು ಅಷ್ಟೇ.