ಐದರಲ್ಲಿ ಮೂರು: ನನ್ನ ಹಾಡುಗಳ ಎಂಟು ತಿಂಗಳ ಲೆಕ್ಕ

ಎಂಟು ತಿಂಗಳ ಹಿಂದೆ ಒಂದು ಹಟ ಹಿಡಿದೆ. ನಾನೇ ಬರೆದು, ನಾನೇ ಟ್ಯೂನ್ ಹಾಕಿ, ನಾನೇ ಹಾಡಿದ ಐದು ಹಾಡು ಒಂದು ವರ್ಷದೊಳಗೆ ಹೊರಗೆ ಬರಬೇಕು. ಇವತ್ತಿಗೆ ಮೂರು ಮುಗಿದಿವೆ. ಒಂದು ಪಲ್ಲವಿಯಲ್ಲೇ ನಿಂತಿದೆ. ಇನ್ನೊಂದನ್ನು ನಾನೇ ಅಳಿಸಿಬಿಟ್ಟೆ, ಅದರ ಕಥೆ ಮುಂದೆ ಬರುತ್ತದೆ.

ಸ್ವಲ್ಪ ಹಿಂದಿನ ವಿಷಯ. ಆರನೇ ವಯಸ್ಸಿನಿಂದ ವೇದಿಕೆ ಮೇಲೆ ಹಾಡುತ್ತಿದ್ದೇನೆ. ಆಗ ಮೈಕ್ ನನ್ನ ಎತ್ತರಕ್ಕೆ ಇಳಿಯುತ್ತಿರಲಿಲ್ಲ. ಅದಕ್ಕೇ ಒಂದು ಸ್ಟೂಲ್ ಮೇಲೆ ನಿಲ್ಲಿಸುತ್ತಿದ್ದರು. ನಾನು ಸ್ಟೂಲ್ ಹತ್ತುವಾಗಲೇ ಅರ್ಧ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅಷ್ಟೂ ನನಗೇ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅದರಲ್ಲಿ ಒಂದು ಪಾಲು ಸ್ಟೂಲಿಗೆ, ಒಂದು ಪಾಲು ಎಲ್ಲರಿಗೂ ಮೊದಲೇ ಇಷ್ಟವಿದ್ದ ಆ ಹಾಡಿಗೆ. ಉಳಿದ ಚೂರುಪಾರು ನನಗೆ. ಸ್ವಂತ ಹಾಡು ಹಾಡಲು ನಿಂತಾಗ ಮೊದಲ ಎರಡು ಪಾಲೂ ಇರುವುದಿಲ್ಲ.

ಮೊದಲ ಎರಡು ತಿಂಗಳು: ಗಂಟಲು

ಮೊದಲ ರೆಕಾರ್ಡಿಂಗ್ ಕೇಳಿ ಗಾಬರಿಯಾಯಿತು. ಇದು ಯಾರ ದನಿ? ನಾವು ಹಾಡುವಾಗ ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ಕಿವಿಗೆ ತಲುಪುತ್ತದೆ, ಹಾಗಾಗಿ ನಮಗೆ ಅದು ದಪ್ಪಗೆ ಕೇಳಿಸುತ್ತದೆ. ಮೈಕ್‌ಗೆ ಸಿಗುವುದು ಗಾಳಿಯಲ್ಲಿ ಹೋದ ದನಿ ಮಾತ್ರ. ಗೊತ್ತಿದ್ದರೂ ಒಪ್ಪಿಕೊಳ್ಳಲು ಎರಡು ವಾರ ಬೇಕಾಯಿತು.

ಅದಕ್ಕಿಂತ ದೊಡ್ಡ ತೊಂದರೆ ನನ್ನ ಹಳೇ ಚಾಳಿ. ಕೊನೇ ಸಾಲಿನವರಿಗೂ ಕೇಳಲಿ ಅಂತ ಎಸೆದು ಹಾಡುವುದು. ಕಂಡೆನ್ಸರ್ ಮೈಕ್ ಒಂದು ಗೇಣು ದೂರದಲ್ಲಿದೆ, ಅದಕ್ಕೆ ಉಸಿರೂ ಕೇಳಿಸುತ್ತದೆ. ನಾನು ಅದರ ಮುಂದೆ ಕೂಗುತ್ತಿದ್ದೆ. ಅಲೆಗಳ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗಿ ದನಿ ಒಡೆಯುತ್ತಿತ್ತು. ರೆಕಾರ್ಡಿಂಗ್ ಮೀಟರಿನಲ್ಲಿ ಸೊನ್ನೆ ಡೆಸಿಬಲ್ ಅಂದರೆ ದನಿ ಒಡೆಯುವ ಮಿತಿ. ಈಗ ಎಷ್ಟೇ ಜೋರಾದ ಜಾಗವೂ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲೇ ಇರುವ ಹಾಗೆ ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಇಡುತ್ತೇನೆ. ದನಿಯನ್ನೂ ಇಳಿಸಿದ್ದೇನೆ.

ಶ್ರುತಿಯೂ ಇಳಿಯಿತು. ಬೆಳೆಯುವ ವಯಸ್ಸಿನಲ್ಲಿ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಹುಡುಗರಿಗೆ ಜಾಸ್ತಿ, ಹುಡುಗಿಯರಿಗೆ ಕಡಿಮೆ. ನನ್ನ ಗಂಟಲು ಬದಲಾಗಿತ್ತು, ನಾನು ಮಾತ್ರ ಚಿಕ್ಕಂದಿನ ಸ್ಪರ್ಧೆಯ ದಿನಗಳ ಶ್ರುತಿಯನ್ನೇ ಹಿಡಿದು ಕೂತಿದ್ದೆ. ಕ್ಯಾಪೊ ಅಂದರೆ ಗಿಟಾರಿನ ತಂತಿಗಳನ್ನೆಲ್ಲ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್. ಐದನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಇದ್ದದ್ದು ಎರಡಕ್ಕೆ ಬಂತು. ಒಂದೊಂದು ಫ್ರೆಟ್‌ಗೆ ಅರ್ಧ ಸ್ವರ, ಒಟ್ಟು ಒಂದೂವರೆ ಸ್ವರ ಕೆಳಗೆ. ಹಾಡು ಒಮ್ಮೆಲೇ ಮಾತಾಡಿದ ಹಾಗೆ ಕೇಳಿಸಿತು.

ಮೂರರಿಂದ ಐದು: ಸಾಹಿತ್ಯ

ಜಾಸ್ತಿ ಒದ್ದಾಡಿದ್ದು ಇಲ್ಲೇ. ಕನ್ನಡದ ಪದಗಳೆಲ್ಲ ಹೆಚ್ಚುಕಡಿಮೆ ಅ, ಇ, ಉ, ಎ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತವೆ, ಹಾಡುವವರಿಗೆ ಇದು ವರ. ಕೊನೆಯ ಅಕ್ಷರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಮೊದಲ ಅಕ್ಷರ ಎಳೆದರೆ ಕೆಟ್ಟಿತು. ನಾಲ್ಕನೇ ಹಾಡಿನ ಪಲ್ಲವಿಯಲ್ಲಿ 'ಬಳೆ' ಅಂತ ಬರೆದಿದ್ದೆ. ಟ್ಯೂನ್ ಅಲ್ಲಿ ಎರಡು ಮಾತ್ರೆ ಹೆಚ್ಚೇ ನಿಲ್ಲುತ್ತದೆ. ಹಾಡಿದರೆ 'ಬಾಳೆ'. ವಿರಹದ ಹಾಡಲ್ಲಿ ಬಾಳೆ! ತಂಗಿ ನಕ್ಕಿದ್ದು ಇನ್ನೂ ನಿಂತಿಲ್ಲ.

ಒತ್ತಕ್ಷರದ್ದು ಬೇರೆ ಪಾಠ. 'ಕತ್ತಲು' ಅನ್ನುವಾಗ 'ತ್ತ' ಬಂದ ಕೂಡಲೇ ದನಿ ಒಂದು ಕ್ಷಣ ಕಟ್ಟುತ್ತದೆ. ಅದನ್ನು ಉದ್ದ ಸ್ವರದ ಮಧ್ಯೆ ಇಟ್ಟರೆ ಮುಗ್ಗರಿಸಿದ ಹಾಗೆ, ತಾಳದ ಪೆಟ್ಟಿಗೆ ಸರಿಯಾಗಿ ಇಟ್ಟರೆ ಡ್ರಮ್ಮೇ ಬೇಡ.

ಪ್ರಾಸದಲ್ಲೂ ಮೋಸ ಹೋಗಿದ್ದೆ. ಬಂದೆ, ನಿಂತೆ, ಸೋತೆ, ಅತ್ತೆ ಅಂತ ಸಾಲಿನ ಕೊನೆಗೆ ಕ್ರಿಯಾಪದ ಇಟ್ಟರೆ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಹಾಗೇ ಕೇಳಿಸುತ್ತದೆ. ಹಳಗನ್ನಡದ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರು ಅಂತ ಶಾಲೆಯಲ್ಲಿ ಓದಿದ್ದು ನೆನಪಾಯಿತು. ಮರೆತ, ಕರೆದ, ಇರುಳ ಅಂತ ಮೂರು ಸಾಲು ಶುರು ಮಾಡಿ ನೋಡಿದೆ. ಕೇಳುವವರಿಗೆ ಪ್ರಾಸ ಇದೆ ಅಂತ ಗೊತ್ತೇ ಆಗುವುದಿಲ್ಲ, ಆದರೆ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅಳಿಸಿದ ಹಾಡಿನ ಕಥೆ. ಅರ್ಧ ಗಂಟೆಯಲ್ಲಿ ಹುಟ್ಟಿದ ಟ್ಯೂನ್ ಅದು, ಬಹಳ ಹೆಮ್ಮೆ ಇತ್ತು. ಅಮ್ಮನಿಗೆ ಕೇಳಿಸಿದೆ. "ಇದು ನೀನು ಮೂರನೇ ಕ್ಲಾಸಲ್ಲಿ ಪ್ರೈಜ್ ತಗೊಂಡ ಹಾಡಲ್ವಾ?" ಅಂದರು. ಹೌದು, ತಾಳ ಮಾತ್ರ ಬೇರೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗೂ ಹೀಗೇ ಆಗಿತ್ತು. ಬೇಕಂತ ಕದ್ದಿಲ್ಲ, ಒಳಮನಸ್ಸಿನಲ್ಲಿ ಉಳಿದದ್ದು ಹೊರಗೆ ಬಂದಿದೆ, ಆದರೂ ಅದು ನಕಲೇ ಅಂತ 1976ರಲ್ಲಿ ಅಮೆರಿಕದ ಕೋರ್ಟ್ ತೀರ್ಪು ಕೊಟ್ಟಿತು. ಚಿಕ್ಕಂದಿನಿಂದ ನೂರಾರು ಹಾಡು ಬಾಯಿಪಾಠ ಮಾಡಿದವರಿಗೆ ಈ ಅಪಾಯ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಈಗ ಸುಲಭವಾಗಿ ಬಂದ ಟ್ಯೂನನ್ನು ಮೂರು ಜನಕ್ಕಾದರೂ ಕೇಳಿಸಿಯೇ ಮುಂದೆ ಹೋಗುತ್ತೇನೆ.

ಆರು: ರೆಕಾರ್ಡಿಂಗ್

ಇದರಲ್ಲಿ ಹೇಳುವಂಥದ್ದು ಕಡಿಮೆ. ಬೆನ್ನ ಹಿಂದೆ ಎರಡು ಕಂಬಳಿ ಇಳಿಬಿಟ್ಟೆ, ಪ್ರತಿಧ್ವನಿ ತಗ್ಗಿತು. ಹೆಡ್‌ಫೋನಿನಲ್ಲಿ ನನ್ನ ದನಿ ತಡವಾಗಿ ಬರುತ್ತಿತ್ತು. ನೋಡಿದರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಕಳಿಸುವ ದನಿಯ ತುಣುಕು) 1024 ಸ್ಯಾಂಪಲ್, ಅಂದರೆ ಸುಮಾರು 23 ಮಿಲಿಸೆಕೆಂಡ್. 128ಕ್ಕೆ ಇಳಿಸಿದ ಮೇಲೆ ತಾಳ ತಪ್ಪಲಿಲ್ಲ. ಅಲ್ಲಿಯವರೆಗೆ ನನ್ನನ್ನೇ ಬೈದುಕೊಂಡಿದ್ದೆ.

ಏಳು: ಮತ್ತೆ ವೇದಿಕೆ

ನಲವತ್ತು ಜನರ ಪುಟ್ಟ ಸಭೆ, ಸ್ಟೂಲ್ ಇಲ್ಲ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಒಮ್ಮೆ ಕೀಂಯ್ ಅನ್ನಿಸಿದೆ. ಹಾಗೆ ಮುಚ್ಚಿದರೆ ಮೈಕ್ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಸ್ಪೀಕರಿನದ್ದೂ ಸೇರಿ. ಅದು ಬಿಡಿ. ಎರಡನೇ ಹಾಡು ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರು ಸೆಕೆಂಡ್, ನಾಲ್ಕು ಸೆಕೆಂಡ್. ಹಾಡು ಮುಗಿಯಿತು ಅಂತ ಅವರಿಗೆ ಗೊತ್ತಾಗಿರಲಿಲ್ಲ! ಗೊತ್ತಿರುವ ಹಾಡಾದರೆ ಎಲ್ಲಿ ಮುಗಿಯುತ್ತದೆ ಅಂತ ಕೇಳುವವರಿಗೇ ಗೊತ್ತಿರುತ್ತದೆ. ಹೊಸ ಹಾಡಿಗೆ ಅದನ್ನು ಬರೆದವರೇ ಹೇಳಬೇಕು. ಮರುದಿನವೇ ಕೂತು ಮೂರೂ ಹಾಡಿಗೆ ಮುಕ್ತಾಯ ಕಟ್ಟಿದೆ. ಒಂದರಲ್ಲಿ ಕೊನೇ ಸಾಲನ್ನು ಗಿಟಾರ್ ನಿಲ್ಲಿಸಿ ಬರೀ ದನಿಯಲ್ಲಿ ಹಾಡುತ್ತೇನೆ.

ಎಂಟು: ಈಗ

ಮೊದಲ ಹಾಡು ಹೊರಗೆ ಬಂದು ಮೂರು ವಾರ. ಹಾಡಿನ ಹಕ್ಕು ಬೇರೆ, ಅದರ ರೆಕಾರ್ಡಿಂಗಿನ ಹಕ್ಕು ಬೇರೆ ಅಂತ ತಿಳಿದದ್ದೇ ಆಗ. ಗಿಟಾರ್ ನುಡಿಸಿದ ಗೆಳತಿ ಒಂದು ಚರಣದ ಟ್ಯೂನನ್ನೂ ಹಾಕಿದ್ದಳು. ಅವಳ ಪಾಲು ಎಷ್ಟು ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಮುಜುಗರ ಆಯಿತು, ಆದರೂ ಸ್ನೇಹ ಚೆನ್ನಾಗಿರುವಾಗಲೇ ಬರೆಯುವುದು ವಾಸಿ. ಸ್ಪಾಟಿಫೈನಲ್ಲಿ ಇದುವರೆಗೆ 412 ಸಲ ಕೇಳಿದ್ದಾರೆ. 2024ರಿಂದ ಅಲ್ಲಿ ಹನ್ನೆರಡು ತಿಂಗಳಲ್ಲಿ 1,000 ದಾಟಿದ ಹಾಡಿಗೆ ಮಾತ್ರ ರಾಯಲ್ಟಿ ಲೆಕ್ಕ. ಹಾಗಾಗಿ ಸಂಪಾದನೆ ಸದ್ಯಕ್ಕೆ ಸೊನ್ನೆ, ಕೆಲಸ ಬಿಡುವ ಮಾತೂ ಇಲ್ಲ. ಎರಡನೆಯದನ್ನು ಮುಂದಿನ ತಿಂಗಳು ಬಿಡುತ್ತೇನೆ.

ನಾಲ್ಕನೆಯದರಲ್ಲಿ ಆ ಉದ್ದ ಸ್ವರದ ಜಾಗ ಇನ್ನೂ ತನನ ಅಂತಲೇ ಇದೆ. ಮೊದಲ ಅಕ್ಷರ ದೀರ್ಘ ಇರಬೇಕು, ಎರಡನೆಯದು 'ರ' ಆದರೆ ಇನ್ನೂ ಒಳ್ಳೆಯದು. ನಾಳೆ ಬೆಳಗ್ಗೆ ಅಲ್ಲಿ 'ದೂರ' ಇಟ್ಟು ಹಾಡಿ ನೋಡಬೇಕು.