ಕಿಟಕಿಯ ಕಲ್ಲಿಗೊಂದು ವಿಳಾಸ

ಭಾನುವಾರ ತಂಗಿಯ ಮಗಳು ನಮ್ಮ ಅಪ್ಪನನ್ನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. “ತಾತ, ಇದು ಎಲ್ಲಿಯ ಕಲ್ಲು? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ.”

ಕುಪ್ಪಂನ ನಮ್ಮ ಮನೆಯ ಕಿಟಕಿಯಲ್ಲಿ ಮುಷ್ಟಿಗಾತ್ರದ ಬೆಣಚುಕಲ್ಲೊಂದಿದೆ. ಅದರ ಒಂದು ಮೂಲೆಗೆ ಸೀಸದ ಅದಿರು ಅಂಟಿಕೊಂಡಿದೆ. ಗೆಲೀನಾ ಎನ್ನುತ್ತಾರೆ. ಪುಟ್ಟ ಪುಟ್ಟ ಚೌಕಗಳಾಗಿ ಒಡೆದು ಹೊಸ ಬ್ಲೇಡಿನಂತೆ ಹೊಳೆಯುತ್ತದೆ. ಅಪ್ಪ ಕೋಲಾರದ ಚಿನ್ನದ ಗಣಿಯಿಂದ ತಂದದ್ದು. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ನಾವು ಅದನ್ನು ಅಡ್ಡ ಇಡುತ್ತಿದ್ದೆವು.

ಹುಡುಗಿ ಓದುತ್ತಿರುವುದು ಭೂವಿಜ್ಞಾನ. ‘ಕಲ್ಲು ಓದಿ ಹೆಣ್ಣುಮಗಳು ಏನು ಮಾಡುತ್ತಾಳೆ’ ಎಂದು ಅವಳ ಅಪ್ಪ ಎರಡು ವರ್ಷ ಗೊಣಗಿದ್ದು ನನಗೆ ಇಂದಿಗೂ ಸರಿಕಂಡಿಲ್ಲ. ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಳು! ಯುರೇನಿಯಂ ಕ್ಷಯಿಸುತ್ತ ಸೀಸವಾಗುತ್ತದೆ. ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಗೆ ಐಸೋಟೋಪು ಎನ್ನುತ್ತಾರೆ; ಯುರೇನಿಯಂ 238 ಸೀಸ 206 ಆಗುತ್ತದೆ, 235 ಸೀಸ 207 ಆಗುತ್ತದೆ. 238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು, 235ಕ್ಕೆ 70 ಕೋಟಿ ಸಾಕು. ಹಾಗಾಗಿ ಬಂಡೆಯಲ್ಲಿ ಸೀಸ 206 ಮತ್ತು 207ರ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ಗೆಲೀನಾದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದು ಹುಟ್ಟಿದ ದಿನದ ಪ್ರಮಾಣ ಅಲ್ಲೇ ನಿಂತುಬಿಡುತ್ತದೆ. ಆ ಸೀಸ ಖಂಡದ ಹಳೆಯ ತೊಗಟೆಯಿಂದ ಬಂತೋ, ಅದರ ಕೆಳಗಿನ ಮ್ಯಾಂಟಲ್ ಎಂಬ ಬಂಡೆಪದರದಿಂದ ಬಂತೋ ಎಂಬುದಕ್ಕೂ ಸುಳಿವು ಸಿಗುತ್ತದೆ. ಕೋಲಾರದ ಗಣಿಪಟ್ಟಿಯ ಪಶ್ಚಿಮದ ನೆಲ, ಪೂರ್ವದ ನೆಲ ಬೇರೆ ಬೇರೆಯಾಗಿ ಬೆಳೆದು, ಸುಮಾರು 250 ಕೋಟಿ ವರ್ಷಗಳ ಹಿಂದೆ ಒಂದಾದವು ಎಂದು ಐಸೋಟೋಪುಗಳನ್ನು ಅಳೆದವರು ವಾದಿಸಿದ್ದಾರಂತೆ. ಆದರೆ ಎಲ್ಲಿಯದೆಂದು ತಿಳಿಯದ ಕಲ್ಲಿನಿಂದ ಇಂಥ ಕೆಲಸವಾಗದು.

ಅಪ್ಪ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿಕೊಂಡರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಂದಿನಿಂದ ಅವರನ್ನು ಜನ ಕೇಳಿದ್ದು ಒಂದೇ: ದಿನಕ್ಕೆ ಎಷ್ಟು ಚಿನ್ನ ಸಿಗುತ್ತಿತ್ತು? ನಾನೂ ಬೇರೇನು ಕೇಳಿದೆ? ಗಣಿಯೊಳಗೆ ಇಳಿಸುವ ಕೇಜಿನಿಂದಿಳಿದು ಎಡಕ್ಕೆ ಹೊರಳುವವರಂತೆ ಅವರ ಕೈ ಗಾಳಿಯಲ್ಲಿ ನಿಧಾನವಾಗಿ ತಿರುಗಿತು.

“ಚಾಂಪಿಯನ್ ರೀಫ್ ಗಣಿ. 70ನೆಯ ಲೆವೆಲ್. ಉತ್ತರದ ಕಡೆ. ಬಿಸಿಗೆ ಗೋಡೆ ಮುಟ್ಟಲಾಗುತ್ತಿರಲಿಲ್ಲ ತಾಯಿ. ಬಲಗೋಡೆ.”

ಇಂಥ ಎಷ್ಟು ವಿಳಾಸಗಳು ಅವರ ಜೊತೆಗಾರರೊಡನೆ ಮಣ್ಣಾದವೋ! ಎದೆಯಲ್ಲಿ ದೂಳು ತುಂಬಿಕೊಂಡು ಹೋದವರನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ.

ಅವಳು ಬಿಳಿ ಪಟ್ಟಿಯ ತುಂಡಿನ ಮೇಲೆ ಬರೆದು ಕಲ್ಲಿಗೆ ಅಂಟಿಸಿದಳು. ಅಪ್ಪನಿಗೆ ಈಗ ಕಣ್ಣು ಮಂಜು. ಗಟ್ಟಿಯಾಗಿ ಓದಿಸಿಕೊಂಡರು. ಮತ್ತೊಮ್ಮೆ ಓದಿಸಿಕೊಂಡರು.

“ಬಲಗೋಡೆ ಎಂದು ಬರೆದಿಲ್ಲವಲ್ಲ,” ಎಂದರು.